ಡ್ಯಾನಿ ಆಯ್ಕೆಯಾಗದ ದಿನದ ಶಿರಾ

ಎರಡು ಸಾಮಾನು ಎದುರಿಗೆ ಹಿಡಿದು "ಯಾವುದು ಬೇಕು?" ಎಂದು ನನ್ನನ್ನು ಕೇಳಬಾರದು. ಮದುವೆಯಾಗಿ ಇಷ್ಟು ವರ್ಷವಾದರೂ ನಮ್ಮ ಮನೆಯ ಅನ್ವರ್‌ಗೆ ಈ ತಿಳಿವಳಿಕೆ ಬಂದಿಲ್ಲ. ಹೋದ ಶನಿವಾರ ನಾವಿರುವ ಪೊರಿರುವಾದ ಅಂಗಡಿಯೊಂದರಲ್ಲಿ ಬಚ್ಚಲಮನೆಯ ಪರದೆ ಹುಡುಕುತ್ತಿದ್ದೆವು. ಅವರು ಒಂದು ಕೈಯಲ್ಲಿ ಮೀನಿನ ಚಿತ್ರದ್ದು, ಇನ್ನೊಂದರಲ್ಲಿ ಶಂಖದ ಚಿತ್ರದ್ದು ಹಿಡಿದು ನಿಂತರು. ನಾನು ಕಣ್ಣು ಮುಚ್ಚಿ ಮನಸ್ಸಿನಲ್ಲೇ "ಸೂರ್ಯ ಬೇಕಾ, ಚಂದ್ರ ಬೇಕಾ" ಎಂದುಕೊಂಡೆ. ಚಂದ್ರನೇ ಇರಲಿ ಎಂದು ಗಟ್ಟಿಮಾಡಿಕೊಂಡು ಕಣ್ಣು ಬಿಟ್ಟೆ. ಆಗ ನೆನಪಾಯಿತು, ಮೀನು ಚಂದ್ರನೋ ಶಂಖ ಚಂದ್ರನೋ ಎಂದು ಮೊದಲೇ ಗೊತ್ತುಮಾಡಿಕೊಂಡಿರಲಿಲ್ಲ. ಅನ್ವರ್ ನಿಟ್ಟುಸಿರು ಬಿಟ್ಟು ಎರಡನ್ನೂ ಬುಟ್ಟಿಗೆ ಹಾಕಿದರು.

ಈ ಸೂರ್ಯಚಂದ್ರರ ಕಾನೂನು ರಾಣೆಬೆನ್ನೂರಿನ ನಮ್ಮ ಓಣಿಯದು. ನಿಮ್ಮ ಓಣಿಯಲ್ಲೂ ಇದ್ದಿರಬೇಕು. ಲಗೋರಿ ಆಡುವ ಮೊದಲು ಇಬ್ಬರು ಲೀಡರುಗಳು ಕಟ್ಟೆಯ ಮೇಲೆ ಗತ್ತಿನಿಂದ ಕೂರುತ್ತಿದ್ದರು. ಉಳಿದವರು ತಮ್ಮ ತಮ್ಮ ಸರಿಜೋಡಿ ಹುಡುಕಿಕೊಂಡು, ಹೆಗಲ ಮೇಲೆ ಕೈಹಾಕಿಕೊಂಡು ದೂರ ಹೋಗಿ, ಗುಟ್ಟಾಗಿ ಒಬ್ಬೊಬ್ಬರು ಒಂದೊಂದು ಹೆಸರಿಟ್ಟುಕೊಂಡು ವಾಪಸು ಬರಬೇಕು. "ಸೂರ್ಯ ಬೇಕಾ, ಚಂದ್ರ ಬೇಕಾ?" ಲೀಡರು ಆರಿಸುವುದು ಹೆಸರನ್ನು, ಮನುಷ್ಯರನ್ನಲ್ಲ. ಹಾಗಾಗಿ ನಿನ್ನನ್ನು ಬೇಕೆಂದು ಆರಿಸಿದೆ ಎಂದು ಯಾರೂ ಮೆರೆಯುವಂತಿಲ್ಲ, ನನ್ನನ್ನು ಬಿಟ್ಟರು ಎಂದು ಯಾರೂ ಅಳುವಂತಿಲ್ಲ. ಒಮ್ಮೆ ನಾನೂ ನನ್ನ ಜೋಡಿ ಗಂಗಮ್ಮನೂ "ಮಿರ್ಚಿ ಮಂಡಕ್ಕಿ" ಮತ್ತು "ಉಪ್ಪಿಟ್ಟು" ಎಂದು ಹೆಸರಿಟ್ಟುಕೊಂಡು ಹೋದೆವು. ಇಬ್ಬರು ಲೀಡರುಗಳೂ ಮಿರ್ಚಿ ಮಂಡಕ್ಕಿ ತನಗೇ ಬೇಕೆಂದು ಜುಟ್ಟು ಹಿಡಿದುಕೊಂಡರು. ಉಪ್ಪಿಟ್ಟು ನಾನಾಗಿದ್ದೆ ಎಂದು ಬೇರೆ ಹೇಳಬೇಕಾಗಿಲ್ಲ.

ಮಕ್ಕಳ ಲೆಕ್ಕ ಬೆಸವಾದ ದಿನ ಮಾತ್ರ ಒಬ್ಬರಿಗೆ ಜೋಡಿ ಸಿಗುತ್ತಿರಲಿಲ್ಲ. ಅವರು ಆಟಕ್ಕುಂಟು, ಲೆಕ್ಕಕ್ಕಿಲ್ಲ. ನಾನು ಓಡುವುದರಲ್ಲಿ ಹಿಂದೆ, ಗುರಿ ಹೊಡೆಯುವುದರಲ್ಲಿ ಇನ್ನೂ ಹಿಂದೆ. ಅಂಥ ದಿನಗಳಲ್ಲಿ ಆ ಪದವಿ ನನಗೇ ಮೀಸಲು.

ಇದಕ್ಕೆ ತದ್ವಿರುದ್ಧವಾದ ಪದ್ಧತಿಯೊಂದು ಅಮೆರಿಕದಲ್ಲಿದೆ ಎಂದು ನನಗೆ ತಿಳಿಸಿದವರು ನಮ್ಮ ಬೇಲಿಯಾಚೆಯ ಲಿಂಡಾ ಆಂಟಿ. ಅವರು ಹುಟ್ಟಿ ಬೆಳೆದದ್ದು ಅಮೆರಿಕದಲ್ಲಿ. ಎರಡನೇ ಮದುವೆಯಾಗಿ ನ್ಯೂಜಿಲೆಂಡಿನ ಗಂಡನ ಜೊತೆ ಪೊರಿರುವಾಕ್ಕೆ ಬಂದವರು, ಆತ ತೀರಿಕೊಂಡ ಮೇಲೂ ಇಲ್ಲೇ ಉಳಿದಿದ್ದರು. ಇಲ್ಲಿಯವರ ರಗ್ಬಿ ಅವರಿಗೆ ಸೇರುತ್ತಿರಲಿಲ್ಲ. ಅವರಿಗೆ ಬೇಕಾದದ್ದು ತಮ್ಮ ಊರಿನ ಫುಟ್‌ಬಾಲ್, ತಲೆಗೆ ಹೆಲ್ಮೆಟ್ಟು, ಹೆಗಲಿಗೆ ದಿಂಬು ಕಟ್ಟಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಆಟ. ಅದು ಬರುತ್ತಿದ್ದ ಚಾನೆಲ್ಲು ನಮ್ಮ ಮನೆಯಲ್ಲಿತ್ತು. ಅನ್ವರ್ ಕ್ರಿಕೆಟ್ಟಿಗೆಂದು ಡಿಶ್ ಹಾಕಿಸಿದ್ದರು. ಹೀಗೆ ಲಿಂಡಾ ಆಂಟಿ ಬನಾನಾ ಬ್ರೆಡ್ ತಟ್ಟೆಯೊಂದಿಗೆ ನಮ್ಮ ಸೋಫಾಕ್ಕೆ ಬಂದರು, ಆಮೇಲೆ ಮನೆಯವರೇ ಆದರು.

ಆ ದೇಶದಲ್ಲಿ ವರ್ಷಕ್ಕೊಮ್ಮೆ, ಏಪ್ರಿಲ್ ಕೊನೆಯಲ್ಲಿ, ಕಾಲೇಜು ಮುಗಿಸಿದ ಆಟಗಾರರನ್ನು ದೊಡ್ಡ ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಎರಡು ದಿನ ಇಡೀ ದೇಶ ನೋಡುವಂತೆ ಒಬ್ಬೊಬ್ಬನ ಹೆಸರು ಹಿಡಿದು ಕೂಗುತ್ತಾರೆ. ಮೊದಲನೆಯವನಿಗೆ ಮೆರವಣಿಗೆಯೊಂದು ಬಾಕಿ, ಕಟ್ಟಕಡೆಯವನಿಗೂ ಒಂದು ತಮಾಷೆಯ ಬಿರುದು. ಸೂರ್ಯನೂ ಇಲ್ಲ, ಚಂದ್ರನೂ ಇಲ್ಲ, ಮುಖಕ್ಕೆ ಹೊಡೆದ ಹಾಗೆ ನೀನು ಬೇಕು, ನೀನು ಬೇಡ. ನನ್ನಂಥವಳು ಅಲ್ಲಿ ಹುಟ್ಟದೆ ಬಚಾವಾದೆ ಎಂದುಕೊಂಡೆ.

ಲಿಂಡಾ ಆಂಟಿಯ ಮಗಳು ಅಮೆರಿಕದಲ್ಲೇ ಇದ್ದಳು. ಆಕೆಯ ಮಗ ಡ್ಯಾನಿ. ನಾನು ಹೇಳುತ್ತಿರುವ ವರ್ಷ ಅವನ ಸರದಿ ಬಂದಿತ್ತು. ಆದರೆ ಅವನು ಓದಿದ್ದು ಸೈನ್ಯದ ಕಾಲೇಜಿನಲ್ಲಿ, ಅದು ಇರಾಕಿನಲ್ಲಿ ಯುದ್ಧ ನಡೆಯುತ್ತಿದ್ದ ಕಾಲ. ಲಿಂಡಾ ಆಂಟಿ ನನಗೆ ವಿವರಿಸಿದ ಪ್ರಕಾರ, ಯಾವುದಾದರೂ ತಂಡ ಆರಿಸಿಕೊಂಡರೆ ಡ್ಯಾನಿ ಆಟವಾಡುತ್ತ ಊರಿನಲ್ಲೇ ಸೈನ್ಯದ ಕೆಲಸ ಮಾಡಿಕೊಂಡಿರಬಹುದು. ಆರಿಸದಿದ್ದರೆ ಜೊತೆಯವರೊಡನೆ ಇರಾಕಿಗೆ ಹೊರಡಬೇಕು. "ನಾನು ದೇವರ ಹತ್ತಿರ ಏನನ್ನೂ ಕೇಳುವವಳಲ್ಲ," ಎಂದಿದ್ದರು ಆಕೆ, "ಇದೊಂದನ್ನು ಕೇಳುತ್ತಿದ್ದೇನೆ."

ಯುದ್ಧದ ಮಾತನ್ನು ನಾವು ಬೇಲಿಯ ಎರಡೂ ಕಡೆಯಿಂದ ದೂರವೇ ಇಟ್ಟಿದ್ದೆವು. ಅದು ಶುರುವಾದ ವಾರ ಆಂಟಿ ಎರಡು ಬನಾನಾ ಬ್ರೆಡ್ ತಂದು, ಬಾಗಿಲಲ್ಲಿ ನಿಂತು, "ಏನು ಹೇಳಬೇಕೋ ಗೊತ್ತಾಗುತ್ತಿಲ್ಲ" ಎಂದಿದ್ದರು. ಒಳಗೆ ಕರೆದು ಚಹಾ ಮಾಡಿದೆ. ಅವರು ನನಗೆ ಇಷ್ಟವಾದದ್ದು ಬಹುಶಃ ಆ ದಿನದಿಂದಲೇ.

ಆ ಏಪ್ರಿಲ್‌ನಲ್ಲಿ ನಮ್ಮ ಅಮ್ಮಿಯೂ ಇಲ್ಲಿದ್ದಳು. ನನಗೆ ಎರಡನೆಯ ಹೆರಿಗೆಯಾಗಿತ್ತು. ಬಾಣಂತನಕ್ಕೆಂದು ಖಾರದ ಪುಡಿ, ಅಂಟಿನುಂಡೆ, ಲೋಬಾನದ ಪೊಟ್ಟಣಗಳ ಸಮೇತ ಬಂದಿಳಿದಿದ್ದಳು. ಅವುಗಳಲ್ಲಿ ಅರ್ಧವನ್ನು ವಿಮಾನ ನಿಲ್ದಾಣದವರು ಇಟ್ಟುಕೊಂಡರು. "ಅವರ ಮನ್ಯಾಗೂ ಯಾರೋ ಹಡದಿರಬೇಕು ತಗೊ" ಎಂದು ಸಮಾಧಾನ ಮಾಡಿಕೊಂಡಳು. ನಮ್ಮ ಮನೆಮಾತು ಉರ್ದು. ಆದರೆ ಅಮ್ಮಿ ಚಿಕ್ಕಂದಿನಿಂದ ತನ್ನ ಅಪ್ಪನ ಬಳೆ ಅಂಗಡಿಯಲ್ಲಿ ಕೂತು ಬೆಳೆದವಳು, ಓಣಿಯ ಕನ್ನಡವೇ ಅವಳ ಬಾಯಿಗೆ ಹೆಚ್ಚು ಸಲೀಸು. ನನ್ನ ಮಗಳು ಸನಾಳೊಂದಿಗೂ ಅದೇ ಕನ್ನಡ. ಅಜ್ಜಿ ಕನ್ನಡದಲ್ಲಿ ಬೈಯುವುದು, ಮೊಮ್ಮಗಳು ಇಂಗ್ಲಿಷಿನಲ್ಲಿ ಎದುರುತ್ತರ ಕೊಡುವುದು, ಇಬ್ಬರಿಗೂ ಎಲ್ಲವೂ ಅರ್ಥವಾಗುವುದು.

ಲಿಂಡಾ ಆಂಟಿ ಮತ್ತು ಅಮ್ಮಿಯ ನಡುವೆ ಅಷ್ಟೂ ಭಾಷೆ ಇರಲಿಲ್ಲ. ಆದರೂ ಮೊದಲನೇ ವಾರದಲ್ಲೇ ಅಮ್ಮಿ ಅವರನ್ನು "ಲಿಂಡಕ್ಕ" ಮಾಡಿಬಿಟ್ಟಳು. ಇಬ್ಬರೂ ಬೇಲಿಯ ಹತ್ತಿರ ಬಟ್ಟೆ ಒಣಗಿಸುತ್ತ, ಈ ಊರಿನ ಗಾಳಿಯನ್ನು ತಮ್ಮ ತಮ್ಮ ಭಾಷೆಯಲ್ಲಿ ಬೈಯುತ್ತಿದ್ದರು. ಡ್ಯಾನಿಯ ಫೋಟೊ ನೋಡಿದ ಅಮ್ಮಿ, "ಯವ್ವಾ, ಎಂಥಾ ಹುಡುಗ! ಬಾಗಲಾ ಅಷ್ಟು ಅದಾನ" ಎಂದು ದೃಷ್ಟಿ ತೆಗೆದು ಲಟಿಕೆ ಮುರಿದಳು. ಅವನು ಸೈನ್ಯದ ಹುಡುಗ, ತಿಂಗಳ ಕೊನೆಗೆ ಹೆಸರು ಕೂಗುತ್ತಾರೆ, ಯುದ್ಧಕ್ಕೆ ಹೋಗುವ ಪ್ರಸಂಗ ಬರಬಹುದು ಎಂದು ನಾನು ಹೇಳಿದ್ದೆ. ಅಷ್ಟೇ ಹೇಳಿದ್ದೆ. ಬಾಣಂತಿ ನಿದ್ದೆಗಣ್ಣಿನಲ್ಲಿ ಎಷ್ಟು ಹೇಳುತ್ತಾಳೆ, ನೀವೇ ಹೇಳಿ.

ಡ್ರಾಫ್ಟಿನ ಮೊದಲ ದಿನ ನಮಗೆ ಭಾನುವಾರ ಬೆಳಗ್ಗೆ. ಲಿಂಡಾ ಆಂಟಿ ಎದೆಯ ಮೇಲೆ ಕೆಂಪು ಕಾಗದದ ಗಸಗಸೆ ಹೂ ಸಿಕ್ಕಿಸಿಕೊಂಡೇ ಬಂದರು. ಹಳೆಯ ಯುದ್ಧಗಳಲ್ಲಿ ಸತ್ತವರಿಗಾಗಿ ಈ ದೇಶದವರು ಏಪ್ರಿಲ್‌ನಲ್ಲಿ ಧರಿಸುವ ಹೂ ಅದು. ಅಮ್ಮಿಗೆ ಅದರ ಅರ್ಥವನ್ನು ಹಿಂದಿನ ದಿನವಷ್ಟೇ ಹೇಳಿದ್ದೆ. ಟೀವಿಯಲ್ಲಿ ಎತ್ತಿನಂಥ ಕುತ್ತಿಗೆಯ ಹುಡುಗರು ಹೊಸ ಸೂಟಿನಲ್ಲಿ ಬಿಗಿದುಕೊಂಡು ಕೂತಿದ್ದರು. ಪಕ್ಕದಲ್ಲಿ ಅವರ ತಾಯಂದಿರು. ಒಬ್ಬ ವೇದಿಕೆಗೆ ಬಂದು ಹೆಸರು ಓದುತ್ತಿದ್ದ. ಹುಡುಗ ಏಳುತ್ತಿದ್ದ, ತಾಯಿ ಅವನನ್ನು ಅಪ್ಪಿಕೊಂಡು ಗಳಗಳ ಅಳುತ್ತಿದ್ದಳು, ಅವನ ತಲೆಗೆ ಒಂದು ಟೋಪಿ ಹಾಕುತ್ತಿದ್ದರು. ಕೆಳಗೆ ಅವನ ಎತ್ತರ, ತೂಕ, ಎಷ್ಟು ಬೇಗ ಓಡಿದ ಎಂಬ ಲೆಕ್ಕ. ನಡುನಡುವೆ ವಾರ್ತೆ, ವಾರ್ತೆಯಲ್ಲಿ ಮರಳು, ಟ್ಯಾಂಕು, ಟೋಪಿ ಹಾಕಿದ ಅದೇ ವಯಸ್ಸಿನ ಹುಡುಗರು.

"ಏನ್ ಮಾಡಾಕತ್ತಾರ ಇವ್ರು?" ಎಂದು ಅಮ್ಮಿ ಕೇಳಿದಳು.

"ಹುಡುಗ್ರನ್ನ ಆರಿಸಾಕತ್ತಾರ ಅಮ್ಮಿ," ಎಂದೆ. ಮಗುವಿಗೆ ಹಾಲು ಕುಡಿಸುತ್ತ ಅಲ್ಲೇ ತೂಕಡಿಸಿದೆ.

ಇಲ್ಲಿ ನಮ್ಮ ಮಾಮೂನ ಕಥೆ ಹೇಳಬೇಕು. ಅಮ್ಮಿಯ ತಮ್ಮ, ಬಾಬು ಮಾಮೂ, ಹರೆಯದಲ್ಲಿ ಯಾರಿಗೂ ಹೇಳದೆ ಸೈನ್ಯದ ಭರ್ತಿಗೆ ಧಾರವಾಡಕ್ಕೆ ಓಡಿಹೋಗಿದ್ದ. ಆಗಲೂ ಯುದ್ಧದ ಕಾಲವೇ. ಮೈದಾನದಲ್ಲಿ ಹುಡುಗರನ್ನು ಸಾಲಾಗಿ ನಿಲ್ಲಿಸಿ, ಎತ್ತರ ಅಳೆದು, ತೂಕ ನೋಡಿ, ಓಡಿಸಿ, ಹೆಸರು ಕೂಗಿದರಂತೆ. ಸುದ್ದಿ ತಿಳಿದ ನಾನಿ, ಅಮ್ಮಿಯ ತಾಯಿ, ಹಿಂದೆಯೇ ಬಸ್ಸು ಹತ್ತಿ ಹೋಗಿ, ಮೈದಾನದ ಬೇಲಿಯ ಹೊರಗೆ ಅಮ್ಮಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ದುವಾ ಮಾಡಿದಳು, ನನ್ನ ಮಗನ ಹೆಸರು ಬರದಿರಲಿ ಎಂದು. ಮಾಮೂನ ಎದೆಯಳತೆ ಸಾಲದೆ ಹೆಸರು ಬರಲಿಲ್ಲ. ಅವನು ಮೂರು ದಿನ ಉಣ್ಣಲಿಲ್ಲ. ನಾನಿ ಮಾತ್ರ ಓಣಿಗೆಲ್ಲ ಸಕ್ಕರೆ ಹಂಚಿದಳು. ಈ ಕಥೆಯನ್ನು ಅಮ್ಮಿ ನಮಗೆ ನೂರು ಸಲ ಹೇಳಿದ್ದಾಳೆ. ಅಂಥವಳ ಎದುರು ಎತ್ತರ, ತೂಕ, ಓಟ, ಅಳುವ ತಾಯಂದಿರನ್ನು ತೋರಿಸಿದರೆ ಅವಳು ಅದನ್ನು ಮತ್ತೇನೆಂದು ತಿಳಿದಾಳು? ನನಗೆ ಆಗ ಇದು ಹೊಳೆಯಲೇ ಇಲ್ಲ.

ಡ್ಯಾನಿಯ ಕೆಲಸ ಆಟದಲ್ಲೇ ವಿಚಿತ್ರದ್ದು. ಬಗ್ಗಿ ನಿಂತು, ತನ್ನ ಕಾಲುಗಳ ಸಂದಿಯಿಂದ ಚೆಂಡನ್ನು ಹಿಂದಿರುವವನಿಗೆ ನೇರವಾಗಿ ಎಸೆಯುವುದು. ಅದೊಂದೇ. ಅಂಥವರನ್ನು ಡ್ರಾಫ್ಟಿನಲ್ಲಿ ಆರಿಸುವುದೇ ಅಪರೂಪವಂತೆ. ಲಿಂಡಾ ಆಂಟಿ ನಮ್ಮ ಹಜಾರದಲ್ಲಿ ಸೋಫಾದ ದಿಂಬನ್ನು ಹಾಗೆ ಎಸೆದು ತೋರಿಸಲು ಹೋಗಿ ಸೊಂಟ ಹಿಡಿದುಕೊಂಡಿದ್ದರು. ಅಮ್ಮಿ ಅವರ ಸೊಂಟಕ್ಕೆ ಎಣ್ಣೆ ತಿಕ್ಕುತ್ತ, "ಇದನ್ನೆಲ್ಲಾ ಸಿಪಾಯಿಗಳಿಗೆ ಯಾಕ ಕಲಿಸ್ತಾರ?" ಎಂದಿದ್ದಳು. ಆ ಪ್ರಶ್ನೆಗೂ ನಾನು ಕಿವಿಗೊಡಲಿಲ್ಲ.

ಮೊದಲ ದಿನ ಡ್ಯಾನಿಯ ಹೆಸರು ಬರಲಿಲ್ಲ. ಬರುವುದಿಲ್ಲವೆಂದು ಗೊತ್ತಿತ್ತು. ಸೋಮವಾರ ಬೆಳಗ್ಗೆ ಕೊನೆಯ ಸುತ್ತುಗಳು. ಸನಾ ಶಾಲೆಗೆ, ಅನ್ವರ್ ಕೆಲಸಕ್ಕೆ ಹೋಗಿದ್ದರು. ಲಿಂಡಾ ಆಂಟಿ ಮತ್ತು ಅಮ್ಮಿ ಸೋಫಾದ ಮೇಲೆ ಒಬ್ಬರ ಕೈ ಒಬ್ಬರು ಹಿಡಿದು ಕೂತಿದ್ದರು. ಪ್ರತಿ ಹೆಸರಿಗೂ ಇಬ್ಬರೂ ಉಸಿರು ಬಿಗಿಹಿಡಿಯುತ್ತಿದ್ದರು. ಇಬ್ಬರ ತುಟಿಯೂ ಅಲ್ಲಾಡುತ್ತಿತ್ತು. ಹೆಸರು ಬೇರೆಯವನದಾದಾಗ ಒಬ್ಬರು ಕುಸಿಯುತ್ತಿದ್ದರು, ಇನ್ನೊಬ್ಬಳು ಸೆಟೆದು ಕೂರುತ್ತಿದ್ದಳು. ನನಗೆ ಅದನ್ನು ನೋಡಿ ಕಣ್ಣು ತುಂಬಿ ಬಂತು. ನೋಡಿ, ಭಾಷೆ ಬೇರೆ, ದೇವರ ಹೆಸರು ಬೇರೆ, ಕೇಳುತ್ತಿರುವುದು ಮಾತ್ರ ಒಂದೇ ಎಂದುಕೊಂಡೆ. ದೊಡ್ಡ ದೊಡ್ಡ ಮಾತು ಮನಸ್ಸಿಗೆ ಬಂದಾಗಲೆಲ್ಲ ನಾನು ಹೀಗೇ ಮೋಸಹೋಗುತ್ತೇನೆ.

ಕೊನೆಯ ಹೆಸರನ್ನೂ ಓದಿದರು. ಅದು ಡ್ಯಾನಿಯದಲ್ಲ.

ಲಿಂಡಾ ಆಂಟಿ ಮೆಲ್ಲಗೆ ಎದ್ದರು. "ಸರಿ. ಮುಗಿಯಿತಲ್ಲ," ಎಂದರು. ಚಹಾದ ಕಪ್ಪನ್ನು ಕುಡಿಯದೆಯೇ ಸಿಂಕಿನಲ್ಲಿಟ್ಟು, ಮಗುವಿನ ತಲೆ ಮುಟ್ಟಿ, ಹೊರಟುಹೋದರು. ಅಮ್ಮಿ ಅಡುಗೆಮನೆಗೆ ಹೋದಳು. ರವೆ ಹುರಿಯುವ ಘಮ ಬಂತು, ತುಪ್ಪದ್ದು ಬಂತು, ಏಲಕ್ಕಿಯದು ಬಂತು. ಪಾಪ, ದುಃಖದಲ್ಲಿರುವವರಿಗೆ ಏನಾದರೂ ತಿನ್ನಿಸಬೇಕೆಂದು ಶಿರಾ ಮಾಡುತ್ತಿದ್ದಾಳೆ ಎಂದು ನಾನು ಮಗುವನ್ನು ತಟ್ಟುತ್ತ ಕೂತೆ.

ಕಿಟಕಿಯಿಂದ ನೋಡುತ್ತೇನೆ, ಅಮ್ಮಿ ಬಟ್ಟಲು ಹಿಡಿದು ಲಿಂಡಾ ಆಂಟಿಯ ಹಿತ್ತಿಲಲ್ಲಿ ನಿಂತಿದ್ದಾಳೆ. ಮುಖದ ತುಂಬ ನಗು. ಅಳುತ್ತಿದ್ದ ಆಂಟಿಯ ಗದ್ದ ಹಿಡಿದು, ಚಮಚ ಬಾಯಿಗಿಟ್ಟು, ತನಗೆ ಬರುತ್ತಿದ್ದ ಇಂಗ್ಲಿಷನ್ನೆಲ್ಲ ಸುರಿಯುತ್ತಿದ್ದಾಳೆ. "ಡ್ಯಾನಿ ನೋ ಸೆಲೆಕ್ಟ್! ವೆರಿ ಗುಡ್! ಲಿಂಡಕ್ಕಾ, ವೆರಿ ವೆರಿ ಗುಡ್!"

ಆಗ ಹೊಳೆಯಿತು. ಮಾಮೂ, ಮೈದಾನ, ಸಕ್ಕರೆ, ಎಲ್ಲ ಒಟ್ಟಿಗೇ ಹೊಳೆಯಿತು. ಹಸಿ ಬಾಣಂತಿ, ಮಗುವನ್ನು ಎದೆಗವಚಿಕೊಂಡು ಬರಿಗಾಲಿನಲ್ಲಿ ಓಡಿದೆ. ಲಗೋರಿಯಲ್ಲಿ ಅಷ್ಟು ಬೇಗ ಓಡಿದ್ದರೆ ನನ್ನನ್ನು ಯಾರಾದರೂ ಲೆಕ್ಕಕ್ಕೆ ಇಟ್ಟುಕೊಳ್ಳುತ್ತಿದ್ದರು.

"ಅಮ್ಮಿ, ನಿಲ್ಲು! ಅದು ಸೈನ್ಯದ ಭರ್ತಿ ಅಲ್ಲ. ಆಟದ್ದು. ಆರಿಸಿದ್ರ ಅವ ಊರಾಗ ಉಳೀತಿದ್ದ. ಆರಿಸ್ಲಿಲ್ಲ, ಅದಕ್ಕ ಈಗ ಯುದ್ಧಕ್ಕ ಹೋಗ್ತಾನ."

ಅಮ್ಮಿಯ ನಗು ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ಇತ್ತು. ಹೋಗಲು ಅದಕ್ಕೆ ದಾರಿ ಸಿಗಲಿಲ್ಲವೇನೋ. ಆಮೇಲೆ ಅವಳು ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟಳು.

"ಹದಿನೈದು ದಿನದಿಂದ ಕೇಳೇನಿ ನಾ. ಐದೂ ಹೊತ್ತು. ಅವನ ಹೆಸರು ಬರೂದು ಬ್ಯಾಡ ಅಂತ. ದರ್ಗಾಕ್ಕ ಚಾದರ ಹರಕಿ ಹೊತ್ತೇನಿ. ಇವ ಹೋಗ್ಲಿಲ್ಲಂದ್ರ ಇವನೂ ಉಳೀತಾನ, ಅಲ್ಲೆ ಯಾರೋ ತಾಯಿ ಮಗನೂ ಉಳೀತಾನ, ಒಂದ ದುವಾದಾಗ ಎರಡು ಜೀವ ಅಂದಕೊಂಡಿದ್ದೆ." ಬಟ್ಟಲನ್ನು ಹುಲ್ಲಿನ ಮೇಲಿಟ್ಟಳು. "ನಾ ಕೇಳಿದ್ದನ್ನ ಅಲ್ಲಾ ಕೊಟ್ಟಾನ. ನನಗ ಕೇಳಾಕ ಬರ್ಲಿಲ್ಲ."

ಲಿಂಡಾ ಆಂಟಿ ನನ್ನ ಮುಖ ನೋಡುತ್ತಿದ್ದರು. ಏನಂದರು ಎಂದು ಕೇಳಿದರು. ಸುಳ್ಳು ಹೇಳಬಹುದಿತ್ತು, ಅಷ್ಟು ಬೇಗ ಸುಳ್ಳು ಕಟ್ಟುವ ಚುರುಕು ನನಗಿಲ್ಲ. ಎಲ್ಲವನ್ನೂ ಹೇಳಿದೆ. ಆಕೆ ಬಾಯಲ್ಲಿದ್ದ ಶಿರಾ ನುಂಗಿದರು. ಈ ಸ್ನೇಹ ಇಲ್ಲಿಗೆ ಮುಗಿಯಿತು ಎಂದು ನನಗೆ ಭಯವಾಯಿತು.

"ದಿನಾ ಡ್ಯಾನಿಗಾಗಿ ಪ್ರಾರ್ಥಿಸುತ್ತಿದ್ದರಾ?" ಎಂದು ಕೇಳಿದರು.

"ಹೌದು."

"ಐದು ಸಲ?"

"ಹೌದು ಆಂಟಿ."

"ಹಾಗಾದರೆ ನಿಲ್ಲಿಸಬೇಡಿ ಅಂತ ಹೇಳು."

ಎಪ್ಪತ್ತರ ಆ ಹೆಂಗಸು, ಸೊಂಟನೋವಿನವರು, ಕಷ್ಟಪಟ್ಟು ಬಗ್ಗಿ ಅಮ್ಮಿಯ ಪಕ್ಕ ಹುಲ್ಲಿನ ಮೇಲೆ ಕೂತರು. ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಇನ್ನೊಂದು ಚಮಚ ಶಿರಾ ತಾವೇ ತಿಂದರು. ಅಮ್ಮಿಗೂ ಒಂದು ಚಮಚ ತಿನ್ನಿಸಿದರು. ಆ ದಿನ ಅವರಿಬ್ಬರ ಮೇಲೆ ನನಗೆ ಉಕ್ಕಿದ ಪ್ರೀತಿ ಅಷ್ಟಿಷ್ಟಲ್ಲ. ಆಮೇಲೆ ಇಬ್ಬರನ್ನೂ ಎಬ್ಬಿಸಿ ನಿಲ್ಲಿಸಲು ಪಟ್ಟ ಪಾಡು ಬೇರೆ, ಒಂದು ಕೈಯಲ್ಲಿ ಮಗು ಇತ್ತು.

ಡ್ಯಾನಿ ಹೋದ. ಅಮ್ಮಿಯೂ ರಾಣೆಬೆನ್ನೂರಿಗೆ ವಾಪಸು ಹೋದಳು. ಹೊತ್ತ ಹರಕೆ ಹೊತ್ತದ್ದೇ ಎಂದು ದರ್ಗಾಕ್ಕೆ ಚಾದರ ಹೊದಿಸಿದಳು. ಅಲ್ಲೇ ನಿಂತು, ಈ ಸಲ ಬಹಳ ವಿವರವಾಗಿ, ಎಲ್ಲಿಗೆ ಹೋಗಿದ್ದಾನೆ, ಎಲ್ಲಿಗೆ ಬರಬೇಕು, ಹೇಗೆ ಬರಬೇಕು ಎಂದೆಲ್ಲ ಬಿಡಿಸಿ ಹೇಳಿ ಇನ್ನೊಂದು ಹರಕೆ ಹೊತ್ತಳಂತೆ. ವಾರಕ್ಕೊಮ್ಮೆ ನಾನು ಫೋನ್ ಮಾಡಿದರೆ ಮೊದಲ ಮಾತು, "ಹುಡುಗ ಬಂದನೇನು?" ಆಮೇಲೆ ಮೊಮ್ಮಕ್ಕಳು, ಆಮೇಲೆ ನಾನು. ಅನ್ವರ್ ಸರದಿ ಬರುವಷ್ಟರಲ್ಲಿ ಕಾರ್ಡಿನ ದುಡ್ಡು ಮುಗಿಯುತ್ತಿತ್ತು. ಇತ್ತ ಲಿಂಡಾ ಆಂಟಿ ಬೇಲಿಯ ಮೇಲಿಂದ, "ಅಮ್ಮಿ ಮರೆತಿಲ್ಲ ತಾನೆ?" ಎಂದು ಕೇಳುತ್ತಿದ್ದರು. ವಾರ್ತೆಯಲ್ಲಿ ಕೆಟ್ಟ ಸುದ್ದಿ ಬಂದ ದಿನ ಕೇಳುತ್ತಿರಲಿಲ್ಲ, ಸುಮ್ಮನೆ ಬಂದು ನಮ್ಮ ಸೋಫಾದ ಮೇಲೆ ಕೂರುತ್ತಿದ್ದರು. ಆ ಸುದ್ದಿಯಲ್ಲಿ ಅಲ್ಲಿಯ ಮಕ್ಕಳನ್ನೂ ತೋರಿಸುತ್ತಿದ್ದರು. ಯಾರಿಗಾಗಿ ಅಳುತ್ತಿದ್ದೇವೆಂದು ನಾವು ಒಬ್ಬರನ್ನೊಬ್ಬರು ಕೇಳಿಕೊಳ್ಳಲಿಲ್ಲ.

ಅವನು ಬಂದ. ಎರಡು ವರ್ಷದ ಮೇಲೆ, ಕೈಕಾಲು ನೆಟ್ಟಗಿಟ್ಟುಕೊಂಡೇ ಬಂದ. ಅಜ್ಜಿಯನ್ನು ನೋಡಲು ಅವನು ಪೊರಿರುವಾಕ್ಕೆ ಬರುವ ದಿನ ಗೊತ್ತಾದದ್ದೇ ತಡ, ಅಮ್ಮಿಯೂ ಟಿಕೆಟು ಮಾಡಿಸಿಕೊಂಡಳು. ಮಗಳ ಮೇಲಿನ ಪ್ರೀತಿಯಿಂದ ಬಂದಳೆಂದು ಅನ್ವರ್ ಬಂಧುಗಳಿಗೆಲ್ಲ ಹೇಳಿದರು. ಡ್ಯಾನಿ ನಿಜಕ್ಕೂ ಬಾಗಿಲಷ್ಟು ಇದ್ದ. ಮೆದು ಮಾತಿನವನು. ಗಾಳಿಗೆ ಬಾಗಿಲು ಧಡ್ ಎಂದು ಬಡಿದಾಗ ಮಾತ್ರ ಆಡುತ್ತಿದ್ದ ಮಾತನ್ನು ನಡುವೆಯೇ ನಿಲ್ಲಿಸುತ್ತಿದ್ದ. ಆಮೇಲೆ ಎಲ್ಲಿ ನಿಲ್ಲಿಸಿದ್ದನೋ ಅಲ್ಲಿಂದಲೇ ಮುಂದುವರಿಸುತ್ತಿದ್ದ. ಅಮ್ಮಿ ಒಂದು ವಾರ ಅವನಿಗೆ ತಿನ್ನಿಸಿದಳು, ತಿನ್ನಿಸಿದಳು, ತಿನ್ನಿಸಿದಳು. ಹೇಳಬೇಕಾದದ್ದನ್ನು ಮಾತ್ರ ಹೇಳಲಿಲ್ಲ.

ಅವನು ಹೊರಡುವ ಹಿಂದಿನ ದಿನ ಮಧ್ಯಾಹ್ನ, ಲಿಂಡಾ ಆಂಟಿ ಒಳಗೆ ಕಪ್ಪು ತೊಳೆಯುತ್ತಿದ್ದಾಗ, ನಮ್ಮ ಹಿತ್ತಿಲ ಮರದ ಜಗಲಿಯ ಮೇಲೆ ಅಮ್ಮಿ ಅವನ ಎದುರು ಬಂದು ಕೂತಳು.

"ಹೇಳು ಇವಂಗ," ಎಂದಳು ನನಗೆ. "ನನ್ನ ದುವಾದಿಂದ ನೀ ಯುದ್ಧಕ್ಕ ಹೋದಿ, ಮಾಫ್ ಮಾಡು ಅಂತ ಹೇಳು."

ನಾನು ಅದನ್ನು ಸ್ವಲ್ಪ ಮೆತ್ತಗೆ ಮಾಡಿ ಹೇಳಿದೆ. ಅಮ್ಮಿಗೆ ಇಂಗ್ಲಿಷ್ ಬಾರದಿದ್ದರೂ ನನ್ನ ಕಳ್ಳತನ ಗೊತ್ತಾಗುತ್ತದೆ. "ಪೂರಾ ಹೇಳು," ಎಂದು ಗದರಿದಳು. ಪೂರಾ ಹೇಳಿದೆ. ದುವಾ, ಹರಕೆ, ಚಾದರ, ಶಿರಾ, ಎಲ್ಲವನ್ನೂ.

ಡ್ಯಾನಿ ತಲೆ ತಗ್ಗಿಸಿ ಕೇಳಿದ. ಒಳಗೆ ಅಜ್ಜಿ ಇದ್ದ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದ. "ಅವರಿಗೆ ಹೇಳಿ. ನನ್ನನ್ನು ಯಾರೂ ಆರಿಸಬಾರದು ಅಂತ ನಾನೂ ಬೇಡಿಕೊಂಡಿದ್ದೆ. ನನ್ನ ಗೆಳೆಯರೆಲ್ಲ ಹೋಗುತ್ತಿದ್ದರು, ನಾನೊಬ್ಬನೇ ಹಿಂದೆ ಉಳಿಯುವುದು ನನಗೆ ಬೇಕಿರಲಿಲ್ಲ. ಹಾಗಾಗಿ ಅದು ಅವರ ಪ್ರಾರ್ಥನೆಯಿಂದ ಆದದ್ದಲ್ಲ, ನನ್ನದರಿಂದ. ಅಜ್ಜಿಗೆ ಮಾತ್ರ ಹೇಳಬೇಡಿ."

ಅವನ ಕಿವಿ ಕೆಂಪಾಗಿತ್ತು. ಆ ಸೋಮವಾರ ಅವನು ಫೋನಿನಲ್ಲಿ ಚಿಕ್ಕ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತನೆಂದು ಲಿಂಡಾ ಆಂಟಿ ನನಗೆ ಎಂದೋ ಹೇಳಿದ್ದರು. ಅಮ್ಮಿಗೆ ಅದು ಗೊತ್ತಿರಲಿಲ್ಲ. ನಾನು ಒಂದು ಅಕ್ಷರವನ್ನೂ ಹೆಚ್ಚು ಕಡಿಮೆ ಮಾಡದೆ ಅವನ ಮಾತನ್ನು ಕನ್ನಡಕ್ಕೆ ತಂದೆ.

ಅಮ್ಮಿ ಅವನ ಮುಖವನ್ನೇ ನೋಡಿದಳು. ಎರಡು ವರ್ಷದಿಂದ ಹೊತ್ತದ್ದನ್ನು ಇಳಿಸಿದವಳ ಹಾಗೆ ಉದ್ದಕ್ಕೆ ಉಸಿರುಬಿಟ್ಟು, ಸೆರಗಿನಿಂದ ಕಣ್ಣು ಒರೆಸಿಕೊಂಡು, ಅವನ ಕೆನ್ನೆಯನ್ನೊಮ್ಮೆ ತಟ್ಟಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಸುಳ್ಳು ಹೇಳಾಕತ್ತಾನ. ಭಾಳ ಛಲೋ ಹುಡುಗ," ಎಂದಳು. "ನಾ ಏನಂದೆ ಅಂತ ಕೇಳಿದ್ರ, ನಂಬಿದಳು ಅಂತ ಹೇಳು."